ಎತ್ತರ ನೋಡಿದೆ, ಸೆಕೆಂಡ್ ನೋಡಲಿಲ್ಲ

2024ರ ಮೇ ತಿಂಗಳು. ಸಿಇಟಿ ಬರೆದು, ರಿಸಲ್ಟ್‌ಗೆ ಕಾಯುತ್ತಾ ಊರಲ್ಲಿ ಬಿದ್ದುಕೊಂಡಿದ್ದ ದಿನಗಳು. ನಮ್ಮೂರು ಕುಂದಾಪುರದ ಹತ್ತಿರ. ಒಂದು ಸಂಜೆ ಚಿಕ್ಕಪ್ಪನ ಮಗನನ್ನು ಬೈಕ್ ಹಿಂದೆ ಕೂರಿಸಿಕೊಂಡು ಮರವಂತೆಗೆ ಹೋದೆ. ಹೊರಡುವ ಮೊದಲು ಫೋನಿನಲ್ಲಿ ಕಡಲಿನ ಮುನ್ಸೂಚನೆಯನ್ನೂ ನೋಡಿದ್ದೆ. ಅಲೆ 1.2 ಮೀಟರ್, ಗಾಳಿ ಗಂಟೆಗೆ 6 ಕಿ.ಮೀ., ಬಣ್ಣ ಹಸಿರು. ಆಕಾಶದಲ್ಲಿ ಒಂದು ಮೋಡವಿಲ್ಲ. ತಡೆಗೋಡೆಯ ಕಲ್ಲುಗಳ ಮೇಲೆ ಇಳಿದು ಕೂತೆವು. ಹತ್ತು ನಿಮಿಷ ಏನೂ ಆಗಲಿಲ್ಲ. ತಮ್ಮ ಇನ್ನೂ ಎರಡು ಕಲ್ಲು ಕೆಳಗಿಳಿದು ಸೆಲ್ಫಿಗೆ ಕೈ ಚಾಚಿದ. ನೀರು ಒಮ್ಮೆ ಹಿಂದಕ್ಕೆ ಸರಿಯಿತು. ಆಮೇಲೆ ಬಂದದ್ದು ಸಿನಿಮಾದಲ್ಲಿ ತೋರಿಸುವಂಥ ದೊಡ್ಡ ಅಲೆಯೇನಲ್ಲ. ನೀರು ಸುಮ್ಮನೆ ಏರುತ್ತಾ ಹೋಯಿತು, ನಿಲ್ಲಲೇ ಇಲ್ಲ. ಅವನ ಸೊಂಟದವರೆಗೆ ಬಂದು, ಅವನನ್ನು ಎತ್ತಿ ಎರಡು ಕಲ್ಲುಗಳ ಸಂದಿಗೆ ಹಾಕಿ ಹಿಂದೆ ಹೋಯಿತು.

ಮೊಣಕಾಲಿನ ಕೆಳಗೆ ಹನ್ನೊಂದು ಹೊಲಿಗೆ. ಫೋನ್ ಕಡಲಿಗೆ. ಚಿಕ್ಕಮ್ಮ ನನ್ನ ಹತ್ತಿರ ಒಂದು ವಾರ ಮಾತಾಡಲಿಲ್ಲ. ಅಜ್ಜ ಮಾತ್ರ ಬೈಯಲಿಲ್ಲ. ‘ಗಾಳಿ ಇಲ್ದೆ ಬಪ್ಪು ತೆರೆ ನಂಬುಕಾಗ ಮಾಣಿ’ ಎಂದಷ್ಟೇ ಹೇಳಿ ಎಲೆ ಅಡಿಕೆ ಹಾಕಿಕೊಂಡರು.

ಆ ರಾತ್ರಿ ಅದೇ ಆ್ಯಪ್ ಮತ್ತೆ ತೆರೆದೆ. ಎತ್ತರದ ಕೆಳಗೇ, ಸಣ್ಣ ಅಕ್ಷರದಲ್ಲಿ ಇನ್ನೊಂದು ಅಂಕಿ ಇತ್ತು: 17 ಸೆ. ಸಂಜೆಯೂ ಅದು ಅಲ್ಲೇ ಇತ್ತು. ನಾನು ಓದಿರಲಿಲ್ಲ, ಓದಿದ್ದರೂ ಅರ್ಥವಾಗುತ್ತಿರಲಿಲ್ಲ.

ಅದು ಅರ್ಥವಾದದ್ದು ಎರಡು ತಿಂಗಳ ನಂತರ, ಭೂಮಿಯ ಇನ್ನೊಂದು ಮಗ್ಗುಲಿನಿಂದ. ಪ್ಯಾರಿಸ್ ಒಲಿಂಪಿಕ್ಸ್‌ನ ಸರ್ಫಿಂಗ್ ಸ್ಪರ್ಧೆ ನಡೆದದ್ದು ಪ್ಯಾರಿಸ್‌ನಲ್ಲಲ್ಲ, ಅಲ್ಲಿಂದ ಸುಮಾರು 15,700 ಕಿ.ಮೀ. ದೂರದ ಟಹೀಟಿ ದ್ವೀಪದ ಟಿಯಾಹುಪೋ ಎಂಬ ಹಳ್ಳಿಯ ಎದುರಿನ ಕಡಲಿನಲ್ಲಿ. ಅಲ್ಲಿ ಬೆಳಿಗ್ಗೆ 7 ಗಂಟೆಯಾದರೆ ನಮಗೆ ರಾತ್ರಿ 10.30. ಸೀಟ್ ಅಲಾಟ್‌ಮೆಂಟಿಗೆ ಕಾಯುತ್ತಿದ್ದವನಿಗೆ ನಿದ್ದೆಯಂತೂ ಬರುತ್ತಿರಲಿಲ್ಲ, ನೋಡಲು ಕೂತೆ. ಎಷ್ಟೋ ರಾತ್ರಿ ನೋಡಲು ಏನೂ ಇರಲಿಲ್ಲ. ಜುಲೈ 27ಕ್ಕೆ ಶುರುವಾಗಿ ಆಗಸ್ಟ್ 5ಕ್ಕೆ ಮುಗಿದ ಸ್ಪರ್ಧೆಯಲ್ಲಿ ಹಲವು ದಿನ ಯಾರೂ ನೀರಿಗಿಳಿಯಲೇ ಇಲ್ಲ. ಕಡಲು ಸರಿಯಿಲ್ಲ, ನಾಳೆ ನೋಡೋಣ, ಅಷ್ಟೇ. ನೂರು ಮೀಟರ್ ಓಟಕ್ಕೆ ಸೆಕೆಂಡಿನ ಸಾವಿರದ ಒಂದು ಭಾಗವನ್ನೂ ಅಳೆಯುವ ಒಲಿಂಪಿಕ್ಸ್, ಇಲ್ಲಿ ಕೈಕಟ್ಟಿ ಕೂತು ಹವಾಮಾನದ ನಕ್ಷೆ ನೋಡುತ್ತಿತ್ತು. ಹಾಗಾದರೆ ಅವರು ನಕ್ಷೆಯಲ್ಲಿ ಏನು ನೋಡುತ್ತಾರೆ ಎಂಬ ಕುತೂಹಲ ಹುಟ್ಟಿತು. ಅದು ಕೊನೆಗೆ ನಮ್ಮ ಮಿನಿ ಪ್ರಾಜೆಕ್ಟ್ ಕೂಡ ಆಯಿತು.

‘ಟಹೀಟಿ ಯಾಕಪ್ಪಾ, ಮಲ್ಪೆ ಮಾಡಬಾರದಿತ್ತಾ?’ ಎಂದು ಗೈಡ್ ಕೇಳಿದರು. ನ್ಯಾಯವಾದ ಪ್ರಶ್ನೆ. ಆದರೆ ಕಲಿಯುವವನಿಗೆ ಟಿಯಾಹುಪೋ ಚೊಕ್ಕವಾದ ಲೆಕ್ಕ. ನಮ್ಮ ಕರಾವಳಿಯಲ್ಲಿ ಕಡಲತಳ ದೂರದವರೆಗೆ ಮೆಲ್ಲಗೆ ಇಳಿಯುತ್ತದೆ, ಮರಳು ವರ್ಷಕ್ಕೊಮ್ಮೆ ಜಾಗ ಬದಲಿಸುತ್ತದೆ, ಉಬ್ಬರ–ಇಳಿತದ ಹೊತ್ತು ದಿನಕ್ಕೆ ಸುಮಾರು 50 ನಿಮಿಷ ಮುಂದೆ ಹೋಗುತ್ತದೆ. ಅಲ್ಲಿ ಹಾಗಲ್ಲ. ತಳದಲ್ಲಿರುವುದು ಕದಲದ ಹವಳದ ದಿಬ್ಬ. ಅದರ ಪಕ್ಕದಲ್ಲೇ ಆಳ ಸಮುದ್ರ. ಉಬ್ಬರ ಇಳಿತದ ವ್ಯತ್ಯಾಸ ಸುಮಾರು 30 ಸೆಂ.ಮೀ. ಮಾತ್ರ, ಅದೂ ಹೆಚ್ಚುಕಡಿಮೆ ಪ್ರತಿದಿನ ನಡುಮಧ್ಯಾಹ್ನ ಮತ್ತು ನಡುರಾತ್ರಿಯ ಹೊತ್ತಿಗೇ ಉಬ್ಬರ! ಚಂದ್ರನ ಎಳೆತದಿಂದ ಆಗುವ ಉಬ್ಬರ ಆ ಜಾಗದಲ್ಲಿ ಬಹುತೇಕ ಇಲ್ಲ, ಉಳಿಯುವುದು ಸೂರ್ಯನದು. ಸೂರ್ಯ ಗಡಿಯಾರ ತಪ್ಪುವುದಿಲ್ಲವಲ್ಲ. ಹಾಗಾಗಿ ಮುನ್ಸೂಚನೆಯಲ್ಲಿ ತಲೆ ಕೆಡಿಸಿಕೊಳ್ಳಬೇಕಾದ್ದು ಅಲೆ ಮತ್ತು ಗಾಳಿ ಎರಡೇ.

ಅಲ್ಲಿಗೆ ಬರುವ ಅಲೆ ಅಲ್ಲಿಯದಲ್ಲ ಎಂಬುದೇ ಮೊದಲು ತಿಳಿಯಬೇಕಾದ ಸಂಗತಿ. ಜೂನ್–ಆಗಸ್ಟ್ ದಕ್ಷಿಣಾರ್ಧಗೋಳದ ಚಳಿಗಾಲ. ಅಂಟಾರ್ಕ್ಟಿಕಾದ ಸುತ್ತಲಿನ ಸಾಗರದಲ್ಲಿ ಬಿರುಗಾಳಿ ಏಳುತ್ತದೆ, ನೀರನ್ನು ಕಲಕುತ್ತದೆ, ತನ್ನ ಪಾಡಿಗೆ ಹೋಗುತ್ತದೆ. ಅದು ಎಬ್ಬಿಸಿದ ಅಲೆ ಮಾತ್ರ ಸಾವಿರಾರು ಕಿ.ಮೀ. ನಡೆದು ಬರುತ್ತದೆ. ಇದಕ್ಕೆ ಸ್ವೆಲ್ ಎನ್ನುತ್ತಾರೆ. ಒಂದು ಅಲೆಯ ತುದಿ ದಾಟಿ ಇನ್ನೊಂದರ ತುದಿ ಬರಲು ಎಷ್ಟು ಸೆಕೆಂಡ್ ಎಂಬುದೇ ಅದರ ಪಿರಿಯಡ್. ಆಳ ನೀರಿನಲ್ಲಿ ಅಲೆಗಳ ಗುಂಪು ಮುಂದೆ ಸಾಗುವ ವೇಗವನ್ನು ಈ ಒಂದು ಅಂಕಿಯಿಂದಲೇ ತೆಗೆಯಬಹುದು. ಪಿರಿಯಡ್ ಅನ್ನು 0.78ರಿಂದ ಗುಣಿಸಿದರೆ ಸೆಕೆಂಡಿಗೆ ಇಷ್ಟು ಮೀಟರ್ ಎಂದು ಸಿಗುತ್ತದೆ. 16 ಸೆಕೆಂಡಿನ ಸ್ವೆಲ್ ಗಂಟೆಗೆ 45 ಕಿ.ಮೀ. ಹೋಗುತ್ತದೆ. ಬಿರುಗಾಳಿ 3,000 ಕಿ.ಮೀ. ದೂರದಲ್ಲಿದ್ದರೆ ಸುಮಾರು ಮೂರು ದಿನದ ದಾರಿ. ಅಂದರೆ ಇವತ್ತು ಹವಳಕ್ಕೆ ಬಡಿಯುತ್ತಿರುವುದು ಮೂರು ದಿನದ ಹಿಂದಿನ ಗಾಳಿ. ನಮ್ಮ ಗುಂಪು ಹಳೆಯ ಡೇಟಾ ಹಾಕಿ ಲೆಕ್ಕ ಮಾಡಿದಾಗ ಒಂದು ಸ್ವೆಲ್ ತಲುಪುವ ಹೊತ್ತು ಆರು ಗಂಟೆಯಷ್ಟೇ ತಪ್ಪಿತ್ತು. ಇಂಟರ್ನಲ್ಸ್‌ನಲ್ಲಿ ಸಿಗದ ಸಂತೋಷ ಆಗ ಸಿಕ್ಕಿತು.

ಈಗ ಎತ್ತರದ ಮೋಸಕ್ಕೆ ಬರುತ್ತೇನೆ. 7 ಸೆಕೆಂಡಿನ ಅಲೆಯ ಉದ್ದ ಆಳ ನೀರಿನಲ್ಲಿ 76 ಮೀಟರ್. 17 ಸೆಕೆಂಡಿನದು 450 ಮೀಟರ್. ಎರಡರ ಎತ್ತರವೂ 1.2 ಮೀಟರ್ ಇರಬಹುದು, ಆದರೆ ಎರಡನೆಯದು ದಡಕ್ಕೆ ಹೊತ್ತು ತರುವ ಶಕ್ತಿ ಮೊದಲನೆಯದರ 2.4 ಪಟ್ಟು. ಟಿಯಾಹುಪೋದಲ್ಲಿ ಇಂಥ ಉದ್ದನೆಯ ಅಲೆ ಆಳದಿಂದ ನೇರ ಹವಳದ ದಿಬ್ಬಕ್ಕೆ ಬರುತ್ತದೆ. ಆಳದಲ್ಲಿ ಸೆಕೆಂಡಿಗೆ 25 ಮೀಟರ್ ಓಡುತ್ತಿದ್ದ ತುದಿ, ಮೂರು ಮೀಟರ್ ನೀರಿಗೆ ಬಂದಾಗ 5–6 ಮೀಟರಿಗೆ ಇಳಿಯುತ್ತದೆ. ವೇಗ ಕಳೆದುಕೊಂಡದ್ದು ಎತ್ತರವಾಗಿ ಏಳುತ್ತದೆ, ಮೇಲಿನ ನೀರು ಮುಂದಕ್ಕೆ ಚಿಮ್ಮಿ ಕೊಳವೆಯಾಗುತ್ತದೆ. ನಮ್ಮ ಕಡೆ ಅಷ್ಟು ಹಠಾತ್ ಇಲ್ಲ. ಇಲ್ಲಿ ಅದು ಏರುತ್ತಾ ಏರುತ್ತಾ ದಡದ ಒಳಗೆ ಬರುತ್ತದೆ, ನಿಲ್ಲುವುದಿಲ್ಲ. ತಮ್ಮನ ಸೊಂಟದವರೆಗೆ ಬಂದದ್ದು ಅದೇ.

ಆ 1.2 ಮೀಟರ್ ಕೂಡ ಯಾವ ಅಲೆಯ ಎತ್ತರವೂ ಅಲ್ಲ! ಬಂದ ಅಲೆಗಳಲ್ಲಿ ದೊಡ್ಡವಾದ ಮೂರನೇ ಒಂದು ಭಾಗವನ್ನು ತೆಗೆದುಕೊಂಡು, ಅವುಗಳ ಸರಾಸರಿ ಹಾಕಿದರೆ ಬರುವ ಅಂಕಿ ಅದು. ಎರಡನೇ ಮಹಾಯುದ್ಧದಲ್ಲಿ ಸೈನಿಕರನ್ನು ದೋಣಿಗಳಿಂದ ದಡಕ್ಕಿಳಿಸಲು ಅಲೆ ಹೇಗಿರುತ್ತದೆಂದು ಮೊದಲೇ ಹೇಳಬೇಕಾಗಿ ಬಂದಾಗ, ಹೆರಾಲ್ಡ್ ಸ್ವೆರ್ಡ್ರುಪ್ ಮತ್ತು ವಾಲ್ಟರ್ ಮುಂಕ್ ರೂಢಿಗೆ ತಂದ ಅಳತೆ. 16 ಸೆಕೆಂಡಿನ ಕಡಲಿನ ಎದುರು ಒಂದು ಗಂಟೆ ಕೂತರೆ 225 ಅಲೆ ಬರುತ್ತವೆ. ಅವುಗಳಲ್ಲಿ ಎಲ್ಲಕ್ಕಿಂತ ದೊಡ್ಡದು ಆ ಅಂಕಿಯ ಸುಮಾರು 1.6 ಪಟ್ಟು ಇರುತ್ತದೆ ಎಂದು ಲೆಕ್ಕ ಹೇಳುತ್ತದೆ. 1.2 ಎಂದು ಓದಿಕೊಂಡು ಹೋದವನು ಸುಮಾರು 2 ಮೀಟರಿನ ಒಂದು ಅಲೆಯನ್ನು ನೋಡಿಯೇ ಬರುತ್ತಾನೆ, ತುಸು ಹೆಚ್ಚು ಹೊತ್ತು ಕೂತರೆ ಸಾಕು. ಇದನ್ನು ಹಸಿರು ಬಣ್ಣ ಹೇಳುವುದಿಲ್ಲ.

ಗಾಳಿಯದು ಬೇರೆಯೇ ಕಥೆ. ಸ್ವೆಲ್ ಆಗಲೇ ದಾರಿಯಲ್ಲಿದೆ, ಅದನ್ನು ಮೂರು ದಿನ ಮೊದಲೇ ಧೈರ್ಯದಿಂದ ಹೇಳಬಹುದು. ಗಾಳಿ ಹಾಗಲ್ಲ, ಅದು ಇವತ್ತಿನದು, ಇಲ್ಲಿಯದು. ಟಹೀಟಿಯಲ್ಲಿ ಆಗ್ನೇಯದಿಂದ ವಾಣಿಜ್ಯ ಮಾರುತ ಬೀಸುತ್ತದೆ. ಚಳಿಗಾಲದಲ್ಲಿ ಅದು ಜೋರಾದರೆ ಅಲ್ಲಿಯವರು ಮರಾಮು ಎನ್ನುತ್ತಾರೆ. ಬೆಟ್ಟದ ಕಡೆಯಿಂದ ಕಡಲಿಗೆ ಮೆಲ್ಲಗೆ ಗಾಳಿ ಇದ್ದರೆ ಅಲೆಯ ಮುಖ ಗಾಜಿನಂತೆ ನಿಲ್ಲುತ್ತದೆ. ಗಾಳಿ ತಿರುಗಿತೋ, ಅದೇ ಅಲೆ ಕಲಕಿ ಕೆಡುತ್ತದೆ. ಒಳ್ಳೆಯ ಸ್ವೆಲ್ ಇದ್ದೂ ಸ್ಪರ್ಧೆ ನಡೆಸಲಾಗದ ದಿನ ಬರುವುದು ಹೀಗೆ.

ಇಷ್ಟೆಲ್ಲ ನೋಡಿ ಆಗಸ್ಟ್ 5ನ್ನು ಕೊನೆಯ ದಿನವೆಂದು ನಿಗದಿ ಮಾಡಿದರು. ಜುಲೈ 29ರಂದು ಬ್ರೆಜಿಲ್‌ನ ಗೇಬ್ರಿಯಲ್ ಮೆಡೀನಾ ಒಂದೇ ಅಲೆಗೆ 9.90 ಅಂಕ ಪಡೆದಿದ್ದರು, ಬೋರ್ಡಿನ ಜೊತೆ ಗಾಳಿಯಲ್ಲಿ ನಿಂತಂತೆ ಕಾಣುವ ಅವರ ಫೋಟೊವನ್ನು ನೀವೂ ನೋಡಿರುತ್ತೀರಿ. ಅದೇ ಮೆಡೀನಾ ಸೆಮಿಫೈನಲ್‌ನಲ್ಲಿ ಎರಡನೇ ಅಲೆಗಾಗಿ ಕಾದು ಕೂತರು, ಅದು ಬರಲೇ ಇಲ್ಲ. ಎರಡು ಒಳ್ಳೆಯ ಅಲೆಗಳ ಅಂಕ ಕೂಡಿಸುವ ಆಟದಲ್ಲಿ ಒಂದೇ ಅಲೆ ಹಿಡಿದು ಸೋತರು. ಅವರನ್ನು ಸೋಲಿಸಿದ ಆಸ್ಟ್ರೇಲಿಯಾದ ಜ್ಯಾಕ್ ರಾಬಿನ್ಸನ್‌ಗೆ ಫೈನಲ್‌ನಲ್ಲಿ ಅದೇ ಗತಿ. ಟಹೀಟಿಯದೇ ಹುಡುಗ ಕೌಲಿ ವಾಸ್ಟ್ 17.67ಕ್ಕೆ 7.83ರಿಂದ ಚಿನ್ನ ಗೆದ್ದ. ಉಪಗ್ರಹ, ತೇಲುವ ಮಾಪಕ, ಸೂಪರ್ ಕಂಪ್ಯೂಟರ್ ಎಲ್ಲ ಸೇರಿ ‘ಇವತ್ತು ಅಲೆ ಇದೆ’ ಎಂದು ಹೇಳಬಲ್ಲವು. ‘ಮುಂದಿನ ಹತ್ತು ನಿಮಿಷದಲ್ಲಿ ಇದೆ’ ಎಂದು ಹೇಳಲಾರವು.

ನಮ್ಮ ಪ್ರಾಜೆಕ್ಟಿನ ವೈವಾದಲ್ಲಿ ನಾವು ಬರೆದದ್ದೂ ಅದನ್ನೇ. ಅಲೆ 1.5ರಿಂದ 2.1 ಮೀಟರ್ ಒಳಗೆ, ಹೊತ್ತು ಆರು ಗಂಟೆ ಆಚೀಚೆ. ಹೊರಗಿನಿಂದ ಬಂದಿದ್ದ ಪರೀಕ್ಷಕರಿಗೆ ಇಷ್ಟವಾಗಲಿಲ್ಲ. ‘ಇಂಜಿನಿಯರ್ ಆಗುವವರು ಒಂದು ಉತ್ತರ ಹೇಳಬೇಕು. ಅಂದಾಜು ಹೇಳೋಕೆ ಜ್ಯೋತಿಷಿಗಳಿದ್ದಾರೆ’ ಅಂದರು. ಎಲ್ಲರೂ ನಕ್ಕರು, ನಾವೂ ನಕ್ಕೆವು, ಮಾರ್ಕ್ಸ್ ಅವರ ಕೈಯಲ್ಲಿತ್ತಲ್ಲ. ಆದರೆ ಅವರ ಮಾತು ಉಲ್ಟಾ ಎಂದು ಇವತ್ತಿಗೂ ನನ್ನ ವಾದ. ಜ್ಯೋತಿಷಿ ಒಂದೇ ಉತ್ತರ ಹೇಳುತ್ತಾನೆ. ಎಷ್ಟು ತಪ್ಪಬಹುದು ಎಂದು ಹೇಳುವವನು ಇಂಜಿನಿಯರ್. ಎಂಟು ಸೆಮಿಸ್ಟರ್‌ಗಳಲ್ಲಿ ನಾವು ಎರಡು ದಶಮಾಂಶಕ್ಕೆ ಉತ್ತರ ಬರೆದು ಕೆಳಗೆ ಎರಡು ಗೆರೆ ಎಳೆಯುವುದನ್ನೇ ಕಲಿಯುತ್ತೇವೆ. ಆಮೇಲೆ ಕೆಲಸಕ್ಕೆ ಸೇರಿ ಇಂಥ ಆ್ಯಪ್ ಬರೆಯುವವರೂ ನಾವೇ. ಎತ್ತರವನ್ನು ದೊಡ್ಡದಾಗಿ, ಸೆಕೆಂಡನ್ನು ಚಿಕ್ಕದಾಗಿ ಹಾಕುವವರು, ಎಲ್ಲ ಸೇರಿಸಿ ಹಸಿರು ಬಳಿಯುವವರು ನಮ್ಮಂಥವರೇ. ಸರ್ಫರ್‌ಗೆ ಹಸಿರಾದದ್ದು ಕಲ್ಲಿನ ಮೇಲೆ ಕೂತವನಿಗೆ ಕೆಂಪು ಎಂಬ ಯೋಚನೆ ಬರೆಯುವವನ ತಲೆಯಲ್ಲಿ ಇರಬೇಕಾಗುತ್ತದೆ.

ನಮ್ಮ ಕರಾವಳಿಗೂ ಈ ಅಲೆ ಹೊಸದಲ್ಲ. ದಕ್ಷಿಣ ಹಿಂದೂ ಮಹಾಸಾಗರದ ಬಿರುಗಾಳಿ ಎಬ್ಬಿಸಿದ 17 ಸೆಕೆಂಡಿನ ಸ್ವೆಲ್‌ಗೆ ಅಲ್ಲಿಂದ ಕುಂದಾಪುರಕ್ಕೆ ಸುಮಾರು ಐದು ದಿನದ ದಾರಿ. ಕೇರಳದ ಮೀನುಗಾರರು ಇದನ್ನು ಕಳ್ಳಕ್ಕಡಲ್ ಎನ್ನುತ್ತಾರೆ. ಕನ್ನಡದವರಿಗೆ ಅರ್ಥ ಬಿಡಿಸಿ ಹೇಳಬೇಕಿಲ್ಲ, ಕಳ್ಳನಂತೆ ಸದ್ದಿಲ್ಲದೆ ಬರುವ ಕಡಲು. ವಿಜ್ಞಾನಿಗಳೂ ಅದೇ ಪದ ಬಳಸುತ್ತಾರೆ. ಹೈದರಾಬಾದ್‌ನಲ್ಲಿರುವ ಸಾಗರ ಮಾಹಿತಿ ಕೇಂದ್ರ ಇನ್‌ಕಾಯಿಸ್ ಇಂಥ ಅಲೆಗಳ ಎಚ್ಚರಿಕೆ ಕೊಡುತ್ತದೆ, ಅದರಲ್ಲಿ ಪಿರಿಯಡ್ ಕೂಡ ಇರುತ್ತದೆ. ನನ್ನ ತಕರಾರು ಅದು ನಮ್ಮ ಕೈಗೆ ಬರುವಾಗ ಏನಾಗುತ್ತದೆ ಎಂಬುದರ ಬಗ್ಗೆ. ‘ಕಡಲಿಗಿಳಿಯಬೇಡಿ, ಎತ್ತರದ ಅಲೆ ಸಾಧ್ಯತೆ’ ಎಂಬ ಒಂದು ಸಾಲಿನ ವಾಟ್ಸ್‌ಆ್ಯಪ್ ಫಾರ್ವರ್ಡ್ ಆಗಿ ಬರುತ್ತದೆ. ಬಿಸಿಲು ಹೊಳೆಯುತ್ತಿರುತ್ತದೆ, ಗಾಳಿ ಇರುವುದಿಲ್ಲ, ಹುಡುಗರು ನಕ್ಕು ಅಳಿಸುತ್ತಾರೆ. ನಾನೂ ಅಳಿಸುತ್ತಿದ್ದೆ. ‘ಗಾಳಿ ಇರುವುದಿಲ್ಲ, ಆಕಾಶ ಶುಭ್ರವಾಗಿರುತ್ತದೆ, ಹತ್ತು ನಿಮಿಷ ಏನೂ ಆಗುವುದಿಲ್ಲ, ಆಮೇಲೆ ನೀರು ಏರುತ್ತದೆ’ ಎಂದು ಇನ್ನೆರಡು ಸಾಲು ಕನ್ನಡದಲ್ಲಿ ಬರೆದರೆ ಅದನ್ನು ಅಳಿಸುವುದು ಅಷ್ಟು ಸುಲಭವಲ್ಲ. ಮರವಂತೆಯಂಥ ಜಾಗದಲ್ಲಿ ಒಂದು ಬೋರ್ಡ್ ಹಾಕಿ, ಅವತ್ತಿನ ಸೆಕೆಂಡ್ ಎಷ್ಟು ಎಂದು ಸೀಮೆಸುಣ್ಣದಲ್ಲಿ ಬರೆದರೂ ಸಾಕು. ಖರ್ಚು ಎಷ್ಟಾಗುತ್ತದೆ ಹೇಳಿ?

ಮೊನ್ನೆ ಭಾನುವಾರ ಹಾಸ್ಟೆಲ್‌ನಲ್ಲಿ ಬಟ್ಟೆ ಒಗೆಯುತ್ತಿದ್ದಾಗ ತಮ್ಮ ಫೋನ್ ಮಾಡಿದ. ಈಗ ಅವನು ಪಿಯುಸಿ. ಫ್ರೆಂಡ್ಸ್ ಜೊತೆ ಕಡಲಿಗೆ ಹೊರಟಿದ್ದಾನಂತೆ. ‘ಅಣ್ಣ, ಇವತ್ತು ಸೆಕೆಂಡ್ ಎಷ್ಟು?’ ಒದ್ದೆ ಕೈಯಲ್ಲೇ ನೋಡಿದೆ. ಅಲೆ 0.9 ಮೀಟರ್, 16 ಸೆಕೆಂಡ್. ಕಲ್ಲಿನ ಮೇಲೆ ಇಳಿಯಬೇಡ, ರಸ್ತೆ ಬದಿಯಿಂದ ನೋಡು ಎಂದೆ. ‘ಬರೀ 0.9 ಅಲ್ದಾ!’ ಎಂದು ಗೊಣಗಿದ. ಸ್ವಲ್ಪ ಹೊತ್ತಿನ ಮೇಲೆ ಒಂದು ಫೋಟೊ ಕಳಿಸಿದ. ರಸ್ತೆ ಬದಿಯಿಂದಲೇ ತೆಗೆದದ್ದು.