ಸರಕಿಗೆ ವಿಳಾಸವಿದೆ, ಹೊತ್ತವನಿಗಿಲ್ಲ

ಉಮ್ರಾ ಮುಗಿಸಿ ಬಂದವರ ಮನೆಗೆ ನಮ್ಮ ಮೊಹಲ್ಲಾದಲ್ಲಿ ವಾರವಿಡೀ ಜನ ಹೋಗುತ್ತಾರೆ. ಖರ್ಜೂರ ತಿನ್ನುತ್ತಾರೆ, ಝಮ್‌ಝಮ್ ಕುಡಿಯುತ್ತಾರೆ, ಮಕ್ಕಾ ಮದೀನಾದ ಮಾತು ಕೇಳಿ ಕಣ್ಣೊರೆಸಿಕೊಳ್ಳುತ್ತಾರೆ. ಅದೇ ದೇಶದಿಂದ ಒಂಬತ್ತೇ ತಿಂಗಳಿಗೆ ಬರಿಗೈಯಲ್ಲಿ ಮರಳಿದ ಹುಡುಗನ ಮನೆಗೆ ಯಾರೂ ಹೋಗುವುದಿಲ್ಲ. ಹೋದವರು ಕೇಳುವುದೂ ಒಂದೇ ಪ್ರಶ್ನೆ: "ಯಾಕಪ್ಪಾ, ತಡ್ಕೊಳ್ಳೋಕೆ ಆಗ್ಲಿಲ್ವಾ?" ತಪ್ಪೆಲ್ಲ ಅವನದೇ ಎಂದು ತೀರ್ಪು ಕೊಟ್ಟು, ಚಹಾ ಕುಡಿದು ಎದ್ದು ಬರುತ್ತಾರೆ. ನಾನೂ ಒಮ್ಮೆ ಹಾಗೆಯೇ ಎದ್ದು ಬಂದವನು. ಆದ್ದರಿಂದ ಈ ಲೇಖನದ ಮೊದಲ ಆರೋಪಿ ನಾನೇ.

ಅಮೆಜಾನ್ ಕಂಪೆನಿ 2017ರಲ್ಲಿ ಅರಬ್ ನಾಡಿನ ಸೂಕ್ ಡಾಟ್ ಕಾಮ್ ಎಂಬ ಅಂತರ್ಜಾಲ ಅಂಗಡಿಯನ್ನು ಕೊಂಡಿತು. 2020ರಲ್ಲಿ ಸೌದಿ ಅರೇಬಿಯಾದಲ್ಲಿ ತನ್ನದೇ ಹೆಸರಿನ ವ್ಯಾಪಾರ ಆರಂಭಿಸಿತು. ಅಲ್ಲಿನ ರಿಯಾದ್ ಮತ್ತು ಜಿದ್ದಾದ ಗೋದಾಮುಗಳಲ್ಲಿ 2021ರಿಂದ 2023ರ ನಡುವೆ ದುಡಿದ 22 ನೇಪಾಳಿ ಕಾರ್ಮಿಕರನ್ನು ಮಾತನಾಡಿಸಿ, ಆಮ್ನೆಸ್ಟಿ ಇಂಟರ್‌ನ್ಯಾಶನಲ್ ಸಂಸ್ಥೆ 2023ರ ಅಕ್ಟೋಬರ್‌ನಲ್ಲಿ ಒಂದು ವರದಿ ಹೊರತಂದಿತು. ಅದನ್ನು ಓದಿದಾಗ ನನಗೆ ನೆನಪಾದದ್ದು ನಮ್ಮ ಬೀದಿಯ ಆ ಹುಡುಗನ ಮುಖ.

ಏಜೆಂಟರು ಅವರಿಗೆ ಹೇಳಿದ್ದು ಅಮೆಜಾನ್‌ನಲ್ಲಿ ಕೆಲಸ ಎಂದು. ಇದಕ್ಕಾಗಿ ಒಬ್ಬೊಬ್ಬರು ಸರಾಸರಿ 1,500 ಡಾಲರ್ ಕೊಟ್ಟಿದ್ದರು. ಹಲವರು ಭಾರೀ ಬಡ್ಡಿಗೆ ಸಾಲ ಎತ್ತಿದ್ದರು. ವೀಸಾ ಮತ್ತು ಟಿಕೆಟು ಮಾಲಿಕನದೇ ಖರ್ಚು ಎಂದು ನೇಪಾಳ ಸರಕಾರ 2015ರಲ್ಲೇ ನಿಯಮ ಮಾಡಿತ್ತು. ನಿಯಮ ಕಾಗದದಲ್ಲಿ ಉಳಿಯಿತು, ಹಣ ಏಜೆಂಟನ ಜೇಬಿಗೆ ಇಳಿಯಿತು. ತಾವು ಅಮೆಜಾನ್‌ನವರಲ್ಲ, ಆಳು ಒದಗಿಸುವ ಸಪ್ಲೈ ಕಂಪೆನಿಯವರು ಎಂಬುದು ಹಲವರಿಗೆ ತಿಳಿದದ್ದು ಹೊರಡುವ ಕೊನೆ ಗಳಿಗೆಯಲ್ಲಿ ಅಥವಾ ಅಲ್ಲಿ ಕಾಲಿಟ್ಟ ಮೇಲೆ.

ಮುಂದಿನ ಕಥೆ ಗಲ್ಫ್ ಕಂಡವರಿಗೆ ಹೊಸದಲ್ಲ. ತಿಗಣೆ ತುಂಬಿದ ಇಕ್ಕಟ್ಟಿನ ಕೋಣೆ, ಕೊಳಕು ನೀರು, ಕಡಿತಗೊಂಡ ಸಂಬಳ, ಪೂರ್ತಿ ಕೈಗೆ ಬಾರದ ಓಟಿ ಹಣ. ಗೋದಾಮಿನೊಳಗೆ ಸದಾ ಕಣ್ಗಾವಲು, ಗುರಿ ಮುಟ್ಟುವ ಧಾವಂತ, ಸಾಲದ ವಿಶ್ರಾಂತಿ. ಕೆಲಸ ಮುಗಿಯಿತೆಂದು ಅಮೆಜಾನ್ ಕೈಬಿಟ್ಟ ಮೇಲೆ ಸಪ್ಲೈ ಕಂಪೆನಿ ಅವರನ್ನು ಇನ್ನೂ ಕೆಟ್ಟ ಬಿಡಾರಕ್ಕೆ ಸಾಗಿಸಿತು. ಸಂಬಳವಿಲ್ಲ, ಬೇರೆ ಕೆಲಸಕ್ಕೆ ಸೇರಲು ಬಿಡುವುದಿಲ್ಲ; ಊರಿಗೆ ಹೋಗುತ್ತೇನೆ ಎಂದರೆ ದಂಡ ಕಟ್ಟು ಎಂಬ ಮಾತು. ಕೆಲವರು ತಿಂಗಳುಗಟ್ಟಲೆ ಹೀಗೆ ಬಿದ್ದಿದ್ದರು. ಅತ್ತ ಕಫೀಲನ ಹಿಡಿತ, ಇತ್ತ ಸಾಲಗಾರನ ಹಿಡಿತ!

ಯಾರು ಹೊಣೆ? ಕಂಪೆನಿಯನ್ನು ಕೇಳಿದರೆ, ಅವನು ನಮ್ಮ ನೌಕರನಲ್ಲ ಎನ್ನುತ್ತದೆ. ಗುತ್ತಿಗೆದಾರನನ್ನು ಕೇಳಿದರೆ, ಕಂಪೆನಿ ಕೆಲಸ ಕೊಡಲಿಲ್ಲ ಎನ್ನುತ್ತಾನೆ. ಏಜೆಂಟನನ್ನು ಕೇಳಿದರೆ, ನಾನು ವಿಮಾನ ಹತ್ತಿಸಿದ್ದೇನೆ, ಅಲ್ಲಿಗೆ ನನ್ನ ಕೆಲಸ ಮುಗಿಯಿತು ಎನ್ನುತ್ತಾನೆ. 'ತಾತ್ಕಾಲಿಕ' ಎಂಬ ಪದದ ನಿಜವಾದ ಅರ್ಥ ಇದು: ದುಡಿಯುವಾಗ ಎಲ್ಲರವನು, ದೂರುವಾಗ ಯಾರವನೂ ಅಲ್ಲ. ಆ ಗೋದಾಮಿನ ಪ್ರತಿ ಪೆಟ್ಟಿಗೆಯ ಮೇಲೂ ವಿಳಾಸವಿರುತ್ತದೆ. ಅದು ಎಲ್ಲಿಂದ ಹೊರಟಿತು, ಈಗ ಎಲ್ಲಿದೆ ಎಂಬುದನ್ನು ಕೊಂಡವನು ಫೋನಿನಲ್ಲೇ ನೋಡಬಹುದು. ಅದನ್ನು ಹೊತ್ತವನು ಎಲ್ಲಿದ್ದಾನೆ ಎಂಬುದನ್ನು ಮಾತ್ರ ಯಾರೂ ಹೇಳಲಾರರು.

ಸತ್ಯ ಹೊರಬಿದ್ದ ಮೇಲೆ ಅಮೆಜಾನ್ 2024ರಲ್ಲಿ 700ಕ್ಕೂ ಹೆಚ್ಚು ಕಾರ್ಮಿಕರಿಗೆ, ಅವರು ಏಜೆಂಟರಿಗೆ ತೆತ್ತ ಹಣದ ಬಾಬ್ತು 19 ಲಕ್ಷ ಡಾಲರ್ ಮರಳಿಸಿರುವುದಾಗಿ ಪ್ರಕಟಿಸಿತು. ಒಳ್ಳೆಯದೇ. ಆದರೆ ದೂರು ಸುಳ್ಳಾಗಿದ್ದರೆ ಯಾವ ವ್ಯಾಪಾರಿ ಗಂಟು ಬಿಚ್ಚುತ್ತಾನೆ? ವರದಿ ಬಾರದೇ ಇದ್ದಿದ್ದರೆ ಆ ಹಣ ಎಲ್ಲಿರುತ್ತಿತ್ತು? ಬಿಡಾರದಲ್ಲಿ ಕಳೆದುಹೋದ ತಿಂಗಳುಗಳನ್ನು ಯಾವ ಡಾಲರ್ ಮರಳಿಸುತ್ತದೆ?

ಇದನ್ನು ಹೇಳಿದರೆ ನಮ್ಮವರಲ್ಲಿ ಕೆಲವರ ಮುಖ ಕೆಂಪಾಗುತ್ತದೆ. "ಹರಮ್ ಇರುವ ನಾಡಿನ ಬಗ್ಗೆ ಹೀಗೆ ಬರೆಯಬಹುದೇ? ವೈರಿಗಳ ಕೈಗೆ ನೀವೇ ಆಯುಧ ಕೊಡುತ್ತಿದ್ದೀರಿ" ಎನ್ನುತ್ತಾರೆ. ಪಾವಿತ್ರ್ಯ ಹರಮ್‌ನದು, ಗುತ್ತಿಗೆದಾರನ ಲೆಕ್ಕಪುಸ್ತಕದ್ದಲ್ಲ. ಬಡ್ಡಿ ಹರಾಮ್ ಎಂದು ಸಾರುವ ನಾಡಿನ ಗೋದಾಮಿಗೆ ಬಡವರು ಬಡ್ಡಿಯ ಮೆಟ್ಟಿಲು ಹತ್ತಿಯೇ ಹೋಗಬೇಕಾದರೆ, ಅದನ್ನು ಎತ್ತಿ ಹೇಳಬೇಕಾದವರು ಮೊದಲು ನಾವೇ. ನಮ್ಮ ಮೇಲಿನ ಅನ್ಯಾಯಕ್ಕೆ ನ್ಯಾಯ ಕೇಳುವ ನಾಲಗೆ ನಮ್ಮವರು ಮಾಡುವ ಅನ್ಯಾಯದ ಎದುರು ಸುಮ್ಮನಾದರೆ, ನಾವು ಕೇಳುತ್ತಿರುವುದು ನ್ಯಾಯವಲ್ಲ, ಬರೀ ರಿಯಾಯಿತಿ.

"ಸೌದಿ ಸುಧಾರಿಸಿದೆ" ಎನ್ನುವವರೂ ಇದ್ದಾರೆ. ಒಂದು ವರ್ಷ ದುಡಿದ ಕಾರ್ಮಿಕ ಕೆಲವು ಷರತ್ತುಗಳ ಮೇಲೆ ಮಾಲಿಕನನ್ನು ಬದಲಿಸಬಹುದು ಎಂಬ ಸುಧಾರಣೆ 2021ರ ಮಾರ್ಚ್‌ನಲ್ಲಿ ಬಂತು, ನಿಜ. ಮೇಲಿನ ಕಥೆಯೂ ಅದೇ 2021ರಿಂದ 2023ರ ನಡುವಿನದು. ಸಂಘ ಕಟ್ಟುವ ಹಕ್ಕಿಲ್ಲದ ಕಡೆ ಕಾನೂನಿನ ಬಾಗಿಲು ತಟ್ಟುವವರು ಯಾರು? 2034ರ ಫುಟ್‌ಬಾಲ್ ವಿಶ್ವಕಪ್‌ಗಾಗಿ ಆ ದೇಶಕ್ಕೆ ಇನ್ನೂ ಎಷ್ಟೋ ಕೈಗಳು ಬೇಕು. ಆದ್ದರಿಂದ ಕೇಳುವ ಕಾಲ ಈಗಲೇ.

ಇದು ಅರಬರ ರೋಗ ಮಾತ್ರವೆಂದು ಬೇರೆಯವರು ಬೆನ್ನು ತಟ್ಟಿಕೊಳ್ಳಬೇಕಿಲ್ಲ. ಟ್ರಕ್ಕು ಖಾಲಿಯಾಗುವವರೆಗೆ ನೀರು ಕುಡಿಯಲು, ಶೌಚಕ್ಕೆ ಹೋಗುವುದಿಲ್ಲ ಎಂದು ಹರಿಯಾಣದ ಮಾನೇಸರ್‌ನಲ್ಲಿರುವ ಅಮೆಜಾನ್ ಗೋದಾಮಿನ ಕಾರ್ಮಿಕರಿಂದ ಪ್ರತಿಜ್ಞೆ ಮಾಡಿಸಿದ ಸುದ್ದಿ 2024ರಲ್ಲಿ ಬಂದು, ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗವೇ ನೋಟೀಸು ನೀಡಬೇಕಾಯಿತು. ಲಾಭಕ್ಕೆ ಮತವೂ ಇಲ್ಲ, ಗಡಿಯೂ ಇಲ್ಲ.

ಹಾಗಾದರೆ ಆಗಬೇಕಾದದ್ದೇನು? ಯಾರ ಗೋದಾಮಿನಲ್ಲಿ ಬೆವರು ಬಿತ್ತೋ ಕೂಲಿಗೆ ಅವನೇ ಹೊಣೆಯಾಗಬೇಕು. ಗುತ್ತಿಗೆದಾರ ಕೂಲಿ ಕೊಡದಿದ್ದರೆ ಮೂಲ ಮಾಲಿಕನೇ ಕೊಡಬೇಕೆಂದು ನಮ್ಮ ದೇಶ 1970ರ ಗುತ್ತಿಗೆ ಕಾರ್ಮಿಕರ ಕಾಯ್ದೆಯಲ್ಲೇ ಬರೆದಿತ್ತು. ಎಷ್ಟು ಪಾಲನೆಯಾಯಿತು ಎಂಬುದು ಬೇರೆ ಮಾತು, ತತ್ವ ಮಾತ್ರ ಸರಿಯಾಗಿತ್ತು. ಆಳು ಕಳುಹಿಸುವ ದೇಶಗಳು ಒಟ್ಟಾಗಿ ಈ ಷರತ್ತು ಹಾಕಬೇಕು.

ನಮ್ಮ ಕೈಯಲ್ಲಿರುವ ಕೆಲಸವೂ ಇದೆ. ನೋಂದಾಯಿತ ಏಜೆಂಟ್ ಭಾರತದಲ್ಲಿ ಪಡೆಯಬಹುದಾದ ಸೇವಾಶುಲ್ಕಕ್ಕೆ ಸರಕಾರ ಮಿತಿ ಹಾಕಿದೆ: 30,000 ರೂಪಾಯಿ ಮತ್ತು ಅದರ ತೆರಿಗೆ. ಈ ಸಂಖ್ಯೆ ಕರಾವಳಿಯ ಎಷ್ಟು ತಾಯಂದಿರಿಗೆ ಗೊತ್ತು? ಜುಮಾ ಮುಗಿದ ಮೇಲೆ ಐದು ನಿಮಿಷ ಇದನ್ನು ಹೇಳಿದರೆ, ಏಜೆಂಟನ ಹೆಸರು ಸರಕಾರದ ಪಟ್ಟಿಯಲ್ಲಿದೆಯೇ ಎಂದು ಜಮಾಅತಿನ ನಾಲ್ಕು ಯುವಕರು ನೋಡಿ ಕೊಟ್ಟರೆ, ಕರಾರು ಪತ್ರವನ್ನು ಕನ್ನಡದಲ್ಲೋ ಉರ್ದುವಿನಲ್ಲೋ ಓದಿ ಹೇಳಿದರೆ ಒಂದು ಮನೆಯ ಬಂಗಾರ ಅಡವಿನಂಗಡಿಗೆ ಹೋಗುವುದು ತಪ್ಪೀತು.

ಹೋದ ತಿಂಗಳು ನಾನು ಮತ್ತೆ ಆ ಹುಡುಗನ ಮನೆಗೆ ಹೋದೆ. ಈ ಸಲ ಬೇರೆಯೇ ಕೇಳಿದೆ: "ನಿನಗೆ ಅವರು ಎಷ್ಟು ಬಾಕಿ ಕೊಡಬೇಕು?" ಅವನು ಬಹಳ ಹೊತ್ತು ನನ್ನ ಮುಖ ನೋಡಿ, ಒಳಗೆ ಹೋಗಿ ಒಂದು ಪ್ಲಾಸ್ಟಿಕ್ ಚೀಲ ತಂದ. ಎಲ್ಲ ಚೀಟಿಗಳನ್ನೂ ಜೋಪಾನವಾಗಿ ಇಟ್ಟಿದ್ದ. ಕೇಳುವವರೇ ಇರಲಿಲ್ಲ, ಅಷ್ಟೇ.