ಲ್ಯಾಸಿಕ್ಸ್ ಇಂಜೆಕ್ಷನ್ ಕೊಟ್ಟರೆ ಕಿಡ್ನಿ ಕೆಡುತ್ತದೆಯೇ?

ತೀವ್ರ ಹೃದಯ ವೈಫಲ್ಯ ಎಂದರೆ ಹೃದಯ ನಿಂತಿದೆ ಎಂದಲ್ಲ; ರಕ್ತವನ್ನು ಮುಂದಕ್ಕೆ ತಳ್ಳಲಾಗದೆ ಸೋತಿದೆ ಎಂದು. ಹಿಂದೆ ಕಟ್ಟಿನಿಂತ ಒತ್ತಡದಿಂದ ಶ್ವಾಸಕೋಶದಲ್ಲಿ ನೀರು ತುಂಬುತ್ತದೆ, ಮಲಗಿದರೆ ಉಸಿರು ಕಟ್ಟುತ್ತದೆ. ಆಗ ಆಸ್ಪತ್ರೆಯಲ್ಲಿ ಮೊದಲು ಕೊಡುವ ಔಷಧಗಳಲ್ಲಿ ಫ್ಯೂರೋಸೆಮೈಡ್ ಒಂದು. ನಮ್ಮ ಶಿವಬಸವ ನಗರದ ಕಡೆ ಲ್ಯಾಸಿಕ್ಸ್ ಎಂದರೇ ಜನಕ್ಕೆ ಗೊತ್ತಾಗುವುದು.

ಮೂತ್ರಪಿಂಡದ ನಾಳಗಳು ಉಪ್ಪನ್ನು ಮರಳಿ ಹೀರದಂತೆ ಇದು ತಡೆಯುತ್ತದೆ. ಉಪ್ಪಿನ ಬೆನ್ನಿಗೆ ನೀರೂ ಹೊರಬೀಳುತ್ತದೆ. ರಕ್ತನಾಳಕ್ಕೆ ಕೊಟ್ಟರೆ ಸುಮಾರು 5 ನಿಮಿಷದಲ್ಲಿ ಕೆಲಸ ಶುರು. ಗುಳಿಗೆಗೆ ತಾಸು ಬೇಕು, ಮೇಲಾಗಿ ಬಾತ ಕರುಳು ಅದನ್ನು ನಿಧಾನವಾಗಿ ಹೀರುತ್ತದೆ.

‘ಕಿಡ್ನಿ ಹೋಗತೈತಿ, ಇನ್ನೊಂದು ಡೋಸ್ ಬ್ಯಾಡ’ ಎಂದು ಮನೆಯವರು ತಡೆಯುವುದುಂಟು. ಭಯ ಪೂರ್ತಿ ಸುಳ್ಳಲ್ಲ. ನೀರು ಅತಿಯಾಗಿ ಹೋದರೆ ಬಿಪಿ ಇಳಿದು ಕಿಡ್ನಿಗೆ ಪೆಟ್ಟು ಬೀಳುತ್ತದೆ. ಆದರೆ ಅಭಿಧಮನಿಗಳಲ್ಲಿ ಕಟ್ಟಿನಿಂತ ಒತ್ತಡವೂ ಕಿಡ್ನಿಯನ್ನು ಹಿಂಡುತ್ತದೆ, ಅದನ್ನು ಯಾರೂ ಹೇಳುವುದಿಲ್ಲ. 2011ರಲ್ಲಿ ಪ್ರಕಟವಾದ, 308 ರೋಗಿಗಳ ‘ಡೋಸ್’ ಅಧ್ಯಯನದಲ್ಲಿ ಮೊದಲಿನ ಗುಳಿಗೆಯ ಎರಡೂವರೆ ಪಟ್ಟು ಔಷಧ ಪಡೆದ ಗುಂಪಿನಲ್ಲಿ ಹೆಚ್ಚು ಜನರಿಗೆ ಕ್ರಿಯಾಟಿನಿನ್ ತಾತ್ಕಾಲಿಕವಾಗಿ ಏರಿತು. 60 ದಿನಗಳ ಹೊತ್ತಿಗೆ ಎರಡೂ ಗುಂಪುಗಳ ನಡುವೆ ಗಮನಾರ್ಹ ವ್ಯತ್ಯಾಸ ಕಾಣಲಿಲ್ಲ.

ನಿಜವಾದ ಎಚ್ಚರ ಬೇರೆ ಕಡೆ ಇದೆ. ದೊಡ್ಡ ಡೋಸನ್ನು ನಿಮಿಷಕ್ಕೆ 4 ಮಿಲಿಗ್ರಾಂಗಿಂತ ವೇಗವಾಗಿ ಕೊಡಬಾರದು, ಕಿವಿಗೆ ಅಪಾಯ. ಪೊಟ್ಯಾಸಿಯಂ ಇಳಿದರೆ ಹೃದಯದ ಬಡಿತ ತಪ್ಪಬಹುದು, ಹಾಗಾಗಿ ಪದೇಪದೇ ರಕ್ತಪರೀಕ್ಷೆ. ಮೂತ್ರದ ಅಳತೆ ನೋಡಿಯೇ ಮುಂದಿನ ಡೋಸ್ ನಿರ್ಧಾರವಾಗುತ್ತದೆ. ಆದ್ದರಿಂದ ನರ್ಸ್‌ಗೆ ಹೇಳದೆ ಮೂತ್ರದ ಚೀಲ ಖಾಲಿ ಮಾಡಬೇಡಿ. ನೋಡಲು ಬಂದವರು ತಂದ ಎಳನೀರನ್ನೂ ವೈದ್ಯರನ್ನು ಕೇಳಿಯೇ ಕೊಡಿ.