ಬೆಟ್ಟದ ನೆಲ್ಲಿಯೂ ಪೇಟೆಯ ಬೆಲೆಯೂ

ಮೈಸೂರಿನ ಗ್ರಂಧಿಗೆ ಅಂಗಡಿಗಳಲ್ಲಿ ಅಳಲೆ, ತಾರೆ, ನೆಲ್ಲಿಚಟ್ಟು, ಅಂಟುವಾಳ, ಸೀಗೆ ಮೊದಲಾದ ಸರಕು ವರ್ಷವೆಲ್ಲವೂ ದೊರೆಯುತ್ತದೆ. ಚಳಿಗಾಲ ಬಂದೊಡನೆ ಮಾರುಕಟ್ಟೆಯಲ್ಲಿ ನೆಲ್ಲಿಕಾಯಿಯ ರಾಶಿ ಬೀಳುತ್ತದೆ. ಉಪ್ಪಿನಕಾಯಿಯ ಜಾಡಿಯಾಗಲಿ, ತ್ರಿಫಲೆಯ ಡಬ್ಬಿಯಾಗಲಿ, ಜೇನಿನ ಸೀಸೆಯಾಗಲಿ ಇಲ್ಲದ ಮನೆ ನಮ್ಮ ನಗರದಲ್ಲಿ ವಿರಳ. ಆದರೆ ಈ ಪದಾರ್ಥಗಳು ಯಾರ ಕೈಯಿಂದ ಹೊರಟು, ಎಷ್ಟು ಕೈಗಳನ್ನು ದಾಟಿ, ಎಂತಹ ಬೆಲೆಯನ್ನು ಹೊತ್ತು ನಮ್ಮ ಬಾಗಿಲಿಗೆ ಬರುತ್ತವೆಂಬುದನ್ನು ವಿಚಾರಿಸಿದವರು ಬಹು ಕಡಮೆ. ಕಾಡಿನಿಂದ ಪೇಟೆಗೆ ಬರುವ ಈ ದಾರಿಯಲ್ಲಿ ನ್ಯಾಯವೆಷ್ಟು, ಅನ್ಯಾಯವೆಷ್ಟು ಎಂಬುದು ಕೇವಲ ವ್ಯಾಪಾರದ ಪ್ರಶ್ನೆಯಲ್ಲ. ಸಹಸ್ರಾರು ಗಿರಿಜನ ಕುಟುಂಬಗಳ ಅನ್ನದ ಪ್ರಶ್ನೆ. ಆದುದರಿಂದ ಈ ವಿಷಯವನ್ನು ಇಂದು ವಾಚಕರ ಪರಾಮರ್ಶೆಗೆ ಇಡುತ್ತೇವೆ.

ಬಿಳಿಗಿರಿರಂಗನ ಬೆಟ್ಟದಲ್ಲಿಯೂ ಮಲೆ ಮಹದೇಶ್ವರ ಬೆಟ್ಟದಲ್ಲಿಯೂ ಸೋಲಿಗರು, ಹೆಗ್ಗಡದೇವನಕೋಟೆ ಮತ್ತು ಹುಣಸೂರಿನ ಕಾಡುಗಳಲ್ಲಿ ಜೇನುಕುರುಬರು ಹಾಗೂ ಬೆಟ್ಟಕುರುಬರು ಕಾಡಿನ ಫಲಗಳನ್ನು ಆಯ್ದು ಬದುಕಿದವರು. ಚಾಮರಾಜನಗರವು 1997ರಲ್ಲಿ ಪ್ರತ್ಯೇಕ ಜಿಲ್ಲೆಯಾಗುವವರೆಗೆ ಈ ಎಲ್ಲ ಬೆಟ್ಟಗಾಡೂ ಮೈಸೂರು ಜಿಲ್ಲೆಯದೇ ಆಗಿದ್ದಿತು. ಇಂದಿಗೂ ಅಲ್ಲಿಯ ಸರಕಿಗೆ ಹತ್ತಿರದ ದೊಡ್ಡ ಪೇಟೆ ಮೈಸೂರೇ. ಒಂದು ಕಾಲದಲ್ಲಿ ಅರಣ್ಯದ ಕಿರು ಉತ್ಪನ್ನಗಳನ್ನು ಸರ್ಕಾರದವರು ಹರಾಜು ಹಾಕಿ ಗುತ್ತಿಗೆದಾರರಿಗೆ ಒಪ್ಪಿಸುತ್ತಿದ್ದರು. ಗುತ್ತಿಗೆದಾರನು ತೂಗಿದ್ದೇ ತೂಕ, ಕೊಟ್ಟಿದ್ದೇ ಹಣ. ಈ ಶೋಷಣೆಯನ್ನು ತಪ್ಪಿಸಬೇಕೆಂಬ ಉದ್ದೇಶದಿಂದ 1970ರ ದಶಕದಲ್ಲಿ ಗಿರಿಜನರ ದೊಡ್ಡ ಪ್ರಮಾಣದ ವಿವಿಧೋದ್ದೇಶ ಸಹಕಾರ ಸಂಘಗಳು, ಅಂದರೆ ಜನರು 'ಲ್ಯಾಂಪ್ಸ್' ಎಂದು ಕರೆಯುವ ಸಂಘಗಳು, ಹುಟ್ಟಿದವು. ಉದ್ದೇಶವು ಶ್ಲಾಘ್ಯವಾದುದೆಂಬುದರಲ್ಲಿ ಸಂದೇಹವಿಲ್ಲ.

ಆದರೆ ಪದ್ಧತಿಯನ್ನು ಪರೀಕ್ಷಿಸಿದರೆ ಅದರೊಳಗಿನ ಕೊರತೆ ಕಾಣುತ್ತದೆ. ಸಂಘವು ಅರಣ್ಯ ಇಲಾಖೆಯಿಂದ ಸಂಗ್ರಹಣೆಯ ಗುತ್ತಿಗೆಯನ್ನು ಪಡೆದು, ಅದಕ್ಕಾಗಿ ರಾಜಧನವನ್ನು ತೆತ್ತು, ಗಿರಿಜನರಿಂದ ಕಾಯಿಯನ್ನೂ ಜೇನನ್ನೂ ತೂಕದ ಮೇಲೆ ಪಡೆದು, ಟೆಂಡರು ಕರೆದು ವರ್ತಕರಿಗೆ ಮಾರುತ್ತಿದ್ದಿತು. ಕಾಯಿ ತಂದವನಿಗೆ ದೊರೆಯುತ್ತಿದ್ದುದು ಸರಕಿನ ಬೆಲೆಯಲ್ಲ, ಸಂಗ್ರಹಿಸಿದುದಕ್ಕೆ ಕೂಲಿ. ತನ್ನ ಹಿರಿಯರು ಹೆಸರಿಟ್ಟ ಮರದಿಂದ ತಾನೇ ಕಿತ್ತ ಕಾಯಿಗೆ ಅವನು ಒಡೆಯನಲ್ಲ, ಕೂಲಿಯವನು! ಗುತ್ತಿಗೆದಾರನು ಹಿಂಬಾಗಿಲಿಂದ ಹೋದುದೇನೋ ನಿಜ. ಟೆಂಡರಿನ ವರ್ತಕನು ಮುಂಬಾಗಿಲಿಂದ ಬಂದನು.

ಇದಕ್ಕೆ ಸರಕಿನ ಸ್ವಭಾವವೂ ಕಾರಣವಾಯಿತು. ಹಸಿ ನೆಲ್ಲಿಕಾಯಿ ಬಹು ದಿನ ನಿಲ್ಲುವ ವಸ್ತುವಲ್ಲ. ಬೆಟ್ಟದ ಮೇಲೆ ಕಿತ್ತು, ಮೂಟೆ ಕಟ್ಟಿ, ತಲೆಯ ಮೇಲೆ ಹೊತ್ತು ಪೋಡಿಗೆ ಇಳಿಸಿದ ಮೇಲೆ ಕೆಲವೇ ದಿನಗಳಲ್ಲಿ ಅದು ಮಾರಿಹೋಗಬೇಕು, ಇಲ್ಲವೇ ಕೊಳೆಯಬೇಕು. ಲಾರಿ ಯಾರದೋ ಬೆಲೆಯೂ ಅವರದೇ. ಹೀಗಿರುವಲ್ಲಿ ಮಾರುವವನಿಗೆ ಚೌಕಾಶಿಯ ಶಕ್ತಿ ಎಲ್ಲಿಂದ ಬಂದೀತು? ಅದೇ ಕಾಯನ್ನು ಬೇಯಿಸಿ, ಬೀಜ ತೆಗೆದು, ಬಿಸಿಲಿಗೆ ಒಣಗಿಸಿ ನೆಲ್ಲಿಚಟ್ಟು ಮಾಡಿದರೆ ಅದು ತಿಂಗಳುಗಟ್ಟಲೆ ಕೆಡದು. ತೂಕ ಇಳಿಯುವುದರಿಂದ ಸಾಗಾಣಿಕೆಯ ವೆಚ್ಚವೂ ಇಳಿಯುತ್ತದೆ. ಬೆಲೆ ಬರುವವರೆಗೆ ಕಾಯಬಹುದು. ಹೆಜ್ಜೇನೂ ಹಾಗೆಯೇ. ಪ್ರಾಣದ ಹಂಗು ತೊರೆದು ಎತ್ತರದ ಮರದಿಂದಲೂ ಬಂಡೆಯ ಕೊರಕಲಿನಿಂದಲೂ ಇಳಿಸಿದ ಜೇನು ಡಬ್ಬದಲ್ಲಿ ಹೋದಾಗ ಒಂದು ಬೆಲೆ; ಸೋಸಿ, ನೀರಿನಂಶ ತಗ್ಗಿಸಿ, ಸೀಸೆಗೆ ತುಂಬಿ ಚೀಟಿ ಅಂಟಿಸಿದಾಗ ಇನ್ನೊಂದು ಬೆಲೆ. ಈ ಎರಡು ಬೆಲೆಗಳ ನಡುವಣ ಅಂತರವು ಯಾರ ಪಾಲಾಗಬೇಕೆಂಬುದೇ ನಮ್ಮ ಮುಂದಿರುವ ಪ್ರಶ್ನೆಯ ತಿರುಳು.

ಈ ಅಲ್ಪ ಆದಾಯಕ್ಕೂ ಒಮ್ಮೆ ಸಂಚಕಾರ ಬಂದಿತು. ವನ್ಯಜೀವಿ ಸಂರಕ್ಷಣಾ ಕಾಯಿದೆಗೆ 2002ರಲ್ಲಿ ಮಾಡಿದ ತಿದ್ದುಪಡಿಯು, ಅಭಯಾರಣ್ಯದಿಂದ ತೆಗೆದ ಉತ್ಪನ್ನವನ್ನು ಸುತ್ತಣ ಜನರು ಸ್ವಂತ ಅಗತ್ಯಕ್ಕೆ ಬಳಸಬಹುದೇ ಹೊರತು ವಾಣಿಜ್ಯಕ್ಕೆ ಬಳಸಕೂಡದೆಂದು ವಿಧಿಸಿತು. ಅದರ ಬೆನ್ನಿಗೆ ಬಿಳಿಗಿರಿರಂಗನ ಬೆಟ್ಟದಲ್ಲಿ ಮಾರಾಟಕ್ಕಾಗಿ ಸಂಗ್ರಹಿಸುವುದು ನಿಷಿದ್ಧವಾಯಿತು. 1990ರ ದಶಕದಲ್ಲಿ ಅಲ್ಲಿ ಅಧ್ಯಯನ ನಡೆಸಿದ ವಿದ್ವಾಂಸರು, ಸೋಲಿಗ ಕುಟುಂಬಗಳ ಆದಾಯದಲ್ಲಿ ಸುಮಾರು ಅರ್ಧದಷ್ಟು ಕಾಡಿನ ಕಿರು ಉತ್ಪನ್ನಗಳಿಂದಲೇ ಬರುತ್ತಿದ್ದುದನ್ನು ಕಂಡಿದ್ದರು. ಒಂದು ಸಂಸಾರದ ವರಮಾನದಲ್ಲಿ ಅರ್ಧವು ಒಂದು ಲೇಖನಿಯ ಗೀಟಿನಿಂದ ಅಳಿಸಿಹೋದರೆ ಆ ಸಂಸಾರವು ಎಲ್ಲಿಗೆ ಹೋಗಬೇಕು? ಕೂಲಿಯನ್ನು ಅರಸಿ ಬೆಟ್ಟವನ್ನು ಇಳಿಯಬೇಕು, ಬೇರೆ ದಾರಿಯಿಲ್ಲ.

ಪರಿಹಾರವೂ ಕಾನೂನಿನಿಂದಲೇ ಬಂದಿತು. 2006ರ ಅರಣ್ಯ ಹಕ್ಕುಗಳ ಮಾನ್ಯತಾ ಕಾಯಿದೆಯು ಕಾಡಿನ ಜನರಿಗೆ ಕಿರು ಉತ್ಪನ್ನಗಳ ಒಡೆತನವನ್ನೂ, ಅವುಗಳನ್ನು ಸಂಗ್ರಹಿಸಿ, ಬಳಸಿ, ವಿಲೇವಾರಿ ಮಾಡುವ ಹಕ್ಕನ್ನೂ ಸ್ಪಷ್ಟ ಶಬ್ದಗಳಲ್ಲಿ ಮಾನ್ಯಮಾಡಿತು. ಸಂವಿಧಾನದ ಐದನೆಯ ಅನುಸೂಚಿಗೆ ಸೇರಿದ ಪ್ರದೇಶವು ಕರ್ನಾಟಕದಲ್ಲಿ ಇಲ್ಲದಿರುವುದರಿಂದ, ನಮ್ಮ ಗಿರಿಜನರಿಗೆ ಈ ಕಾಯಿದೆಯೇ ಮುಖ್ಯ ಆಸರೆ. ಬಿಳಿಗಿರಿರಂಗನ ಬೆಟ್ಟವು 2011ರ ಜನವರಿಯಲ್ಲಿ ಹುಲಿ ಸಂರಕ್ಷಿತ ಪ್ರದೇಶವಾಯಿತು. ಅದೇ ವರ್ಷದ ಅಕ್ಟೋಬರ್ 2ರಂದು, ಗಾಂಧೀಜಯಂತಿಯ ದಿನ, ಅಲ್ಲಿಯ 25 ಗ್ರಾಮಸಭೆಗಳಿಗೆ ಸಾಮುದಾಯಿಕ ಹಕ್ಕುಪತ್ರಗಳು ದೊರೆತವು. 2012ರಲ್ಲಿ ತಿದ್ದುಪಡಿಯಾದ ನಿಯಮಗಳು ಇನ್ನೂ ಒಂದು ಹೆಜ್ಜೆ ಮುಂದೆ ಹೋದವು: ಸರಕು ಸಾಗಿಸುವ ರಹದಾರಿಯನ್ನು ಗ್ರಾಮಸಭೆಯ ಸಮಿತಿಯೇ ಕೊಡಬೇಕು, ರಾಜಧನವಾಗಲಿ ಶುಲ್ಕವಾಗಲಿ ಇರಕೂಡದು, ಸಂಸ್ಕರಣ, ದಾಸ್ತಾನು, ಕಾಡಿನ ಹೊರಗೆ ಸಾಗಾಣಿಕೆ, ಇವೆಲ್ಲವೂ ಹಕ್ಕಿನೊಳಗೇ ಸೇರಿವೆ.

ಇಷ್ಟೆಲ್ಲ ಕಾಗದದ ಮೇಲೆ ಇರುವಾಗ ಇನ್ನೇನು ಕೊರತೆ ಎಂದು ವಾಚಕರು ಕೇಳಬಹುದು. ದೇವರು ವರ ಕೊಟ್ಟರೂ ಪೂಜಾರಿ ವರ ಕೊಡನೆಂಬ ಗಾದೆಯೇ ನಮ್ಮ ಉತ್ತರ. ಹಕ್ಕುಪತ್ರವನ್ನು ಪೆಟ್ಟಿಗೆಯಲ್ಲಿ ಇಟ್ಟ ಮಾತ್ರಕ್ಕೆ ನೆಲ್ಲಿಕಾಯಿ ಪೇಟೆಗೆ ನಡೆದು ಬರುವುದಿಲ್ಲ. ತೂಗಲು ತಮ್ಮದೇ ತಕ್ಕಡಿ ಬೇಕು. ಇಡಲು ಉಗ್ರಾಣ ಬೇಕು. ಒಣಗಿಸಲು ಕಣ ಬೇಕು. ಕಾಯಿ ತಂದ ದಿನವೇ ಹಣ ಎಣಿಸಿ ಕೊಡಲು ಸಂಘದಲ್ಲಿ ಬಂಡವಾಳ ಬೇಕು. ಹಸಿದವನು ನಾಳೆಯ ಹೆಚ್ಚಿನ ಬೆಲೆಗಾಗಿ ಕಾಯಲಾರನು. ಇಂದು ಮುಂಗಡ ಕೊಟ್ಟವನಿಗೆ ಕಡಮೆ ಬೆಲೆಗೆ ಒಪ್ಪಿಸುವನು. ತನಿಖೆಯ ಠಾಣೆಯಲ್ಲಿ ಗ್ರಾಮಸಭೆಯ ರಹದಾರಿಯನ್ನು ಸಂಶಯದಿಂದ ನೋಡಿ ಗಾಡಿಯನ್ನು ಒಂದು ದಿನ ನಿಲ್ಲಿಸಿದರೂ ಸಾಕು, ಕಾನೂನು ಕೊಟ್ಟುದನ್ನು ಬಿಸಿಲು ಕಿತ್ತುಕೊಳ್ಳುತ್ತದೆ.

ಇದು ನಮ್ಮ ನಾಡೊಂದರ ಪಾಡಲ್ಲ. ಮಧ್ಯ ಏಷ್ಯದ ಕಿರ್ಗಿಸ್ತಾನದಲ್ಲಿ ಅರ್ಸ್ಲಾನ್‌ಬಾಬ್ ಎಂಬ ಊರಿನ ಸುತ್ತಲೂ ಅಕ್ರೋಟಿನ ವಿಶಾಲವಾದ ಸಹಜಾರಣ್ಯವಿದೆ. ಅಲ್ಲಿಯ ಕುಟುಂಬಗಳು ಸರ್ಕಾರದ ಅರಣ್ಯ ಸಂಸ್ಥೆಯಿಂದ ಕಾಡಿನ ಭಾಗಗಳನ್ನು ಗೇಣಿಗೆ ಹಿಡಿದು, ಮಳೆಗಾಲ ಕಳೆದ ಮೇಲೆ ನಮ್ಮಲ್ಲಿ ಸುಗ್ಗಿಗೆ ಹೊರಡುವಂತೆ, ಶರತ್ಕಾಲದಲ್ಲಿ ಮನೆಮಂದಿಯೆಲ್ಲ ಕಾಡಿಗೆ ಹೋಗಿ ಕಾಯಿ ಆಯುತ್ತಾರೆ. ವರ್ತಕರು ಕೊಂಡ ಸರಕು ಜಲಾಲ್‌ಆಬಾದಿನ ಪೇಟೆಯ ಮೂಲಕ ಪರದೇಶಗಳಿಗೆ ಹೋಗುತ್ತದೆ. ಓಡು ಒಡೆದು ತಿರುಳನ್ನು ಮುರಿಯದೆ ತೆಗೆದರೆ ಹೆಚ್ಚಿನ ಬೆಲೆ. ಓಡು ಸಹಿತ ಮಾರಿದವನಿಗೆ ಆ ಲಾಭವಿಲ್ಲ. ಅಕ್ರೋಟಾಗಲಿ ನೆಲ್ಲಿಯಾಗಲಿ, ನಿಯಮ ಒಂದೇ: ಯಾರ ಕೈಯಲ್ಲಿ ಸಂಸ್ಕರಣವೂ ದಾಸ್ತಾನೂ ಇವೆಯೋ ಅವರ ಕೈಯಲ್ಲಿ ಬೆಲೆ.

ನಮ್ಮ ದೇಶದಲ್ಲಿಯೇ ಮೇಲ್ಪಂಕ್ತಿಗಳಿಗೆ ಕೊರತೆಯಿಲ್ಲ. 1956ರಲ್ಲಿ ಸ್ಥಾಪಿತವಾದ ಆಂಧ್ರದ ಗಿರಿಜನ ಸಹಕಾರ ನಿಗಮವು ವಿಶಾಖಪಟ್ಟಣವನ್ನು ಕೇಂದ್ರವಾಗಿ ಮಾಡಿಕೊಂಡು, ಗಿರಿಜನರಿಂದ ಜೇನು, ಹುಣಸೆ ಮೊದಲಾದುವನ್ನು ಕೊಂಡು, ಜೇನನ್ನು ಶುದ್ಧಿಗೊಳಿಸಿ ತನ್ನದೇ ಮುದ್ರೆಯಲ್ಲಿ ನಗರಗಳಿಗೆ ಮಾರುತ್ತದೆ. ಮಹಾರಾಷ್ಟ್ರದ ಗಡಚಿರೋಲಿ ಜಿಲ್ಲೆಯ ಮೇಂಢಾ-ಲೇಖಾ ಗ್ರಾಮವು 2011ರಲ್ಲಿ ಬಿದಿರಿನ ರಹದಾರಿ ಕೊಡುವ ಅಧಿಕಾರವನ್ನು ತನ್ನ ಗ್ರಾಮಸಭೆಗೇ ಪಡೆದುಕೊಂಡು, ತನ್ನ ಬಿದಿರನ್ನು ತಾನೇ ಮಾರಿತು. ನಮ್ಮ ಬೆಟ್ಟದ ಮೇಲೆಯೇ, ಡಾಕ್ಟರ್ ಸುದರ್ಶನರು 1981ರಲ್ಲಿ ಆರಂಭಿಸಿದ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರದ ಪ್ರಯತ್ನದಿಂದ ಜೇನು ಸಂಸ್ಕರಣದ ಕಾರ್ಯವು ನಡೆದು, ಇದು ಸೋಲಿಗರ ಕೈಗೆ ಎಟುಕದ ವಿದ್ಯೆಯಲ್ಲವೆಂಬುದು ಸಿದ್ಧವಾಗಿದೆ.

ವ್ಯಾಪಾರಕ್ಕೆ ಎಡೆಗೊಟ್ಟರೆ ಕಾಡು ಬರಿದಾಗುವುದೆಂದು ವನ್ಯಜೀವಿ ಹಿತೈಷಿಗಳು ಹೇಳುವರು. ಈ ಆಕ್ಷೇಪವನ್ನು ನಾವು ಹಗುರವಾಗಿ ಕಾಣುವುದಿಲ್ಲ. ಕೊಂಬೆ ಕಡಿದು ಕಾಯಿ ಕೀಳುವುದೂ, ಬಲಿಯದ ಕಾಯನ್ನು ಉದುರಿಸುವುದೂ ಮರಕ್ಕೆ ಹಾನಿಯೇ ಸರಿ. ಆದರೆ ಅಂತಹ ಆತುರವು ಹುಟ್ಟುವುದು ಯಾವಾಗ? ಇಂದು ನಾನು ಕೀಳದಿದ್ದರೆ ನಾಳೆ ಇನ್ನೊಬ್ಬನು ಕೀಳುವನೆಂಬ ಅನಿಶ್ಚಯದಲ್ಲಿ. ಮರವು ತನ್ನದೆಂದು ತಿಳಿದವನು ಅದನ್ನು ಕಡಿಯುವುದಿಲ್ಲ. ನೆಲ್ಲಿಯ ಮರಗಳ ಕೊಂಬೆಗಳನ್ನು ಹೀರಿ ಒಣಗಿಸುವ ಬದನಿಕೆಯನ್ನು ಸೋಲಿಗರು 'ಉಪ್ಪಿಲು' ಎನ್ನುತ್ತಾರೆ. ಹಿಂದೆ ಕಾಲಕಾಲಕ್ಕೆ ಹಾಕುತ್ತಿದ್ದ ತರಗುಬೆಂಕಿಯು ನಿಂತ ಮೇಲೆ ಉಪ್ಪಿಲೂ ಲಂಟಾನವೂ ಹಬ್ಬಿದುವೆಂಬುದು ಅವರ ಅನುಭವದ ಮಾತು. ಈ ತಿಳಿವಳಿಕೆಯನ್ನು ಶಾಸ್ತ್ರಜ್ಞರೂ ಕಿವಿಗೊಟ್ಟು ಕೇಳಿ ಬರೆದಿದ್ದಾರೆ. ಹಕ್ಕಿನೊಡನೆ ಕಾಡನ್ನು ಕಾಪಾಡುವ ಹೊಣೆಯನ್ನೂ 2006ರ ಕಾಯಿದೆಯೇ ಗ್ರಾಮಸಭೆಗೆ ವಹಿಸಿದೆ. ಕಾವಲುಗಾರನನ್ನು ಹಸಿವಿನಲ್ಲಿಟ್ಟು ಕಾವಲನ್ನು ನಿರೀಕ್ಷಿಸುವುದು ವಿವೇಕವಲ್ಲ.

ಈಗ ಕಾರ್ಯದ ಮಾತು. ಮೈಸೂರು ಜಿಲ್ಲಾಡಳಿತದ ಹೊಸ ಕಟ್ಟಡವು ಸಿದ್ಧಾರ್ಥನಗರದಲ್ಲಿ ಎದ್ದು ನಿಂತಿದೆ. ಅರಣ್ಯ ಹಕ್ಕುಗಳ ಜಿಲ್ಲಾ ಸಮಿತಿಗೆ ಜಿಲ್ಲಾಧಿಕಾರಿಗಳೇ ಅಧ್ಯಕ್ಷರು; ಆದುದರಿಂದ ಕೋಟೆ, ಹುಣಸೂರು, ಪಿರಿಯಾಪಟ್ಟಣದ ಹಾಡಿಗಳ ಭಾಗ್ಯವು ಬಹುಮಟ್ಟಿಗೆ ಆ ಕಟ್ಟಡದ ಕಡತಗಳಲ್ಲಿಯೇ ಇದೆ. ನೆರೆಯ ಜಿಲ್ಲೆಯ ಬೆಟ್ಟದ ಪಾಠವನ್ನು ಅಲ್ಲಿಯ ಅಧಿಕಾರಿಗಳು ಓದಿಕೊಳ್ಳಬೇಕೆಂದು ನಮ್ಮ ಪ್ರಾರ್ಥನೆ. ಸಾಮುದಾಯಿಕ ಹಕ್ಕಿನ ಅರ್ಜಿಗಳನ್ನು ಕಾಲಮಿತಿಯೊಳಗೆ ಇತ್ಯರ್ಥಪಡಿಸಿ, ತಿರಸ್ಕರಿಸಿದ ಪಕ್ಷದಲ್ಲಿ ಕಾರಣವನ್ನು ಬರಹದಲ್ಲಿ ತಿಳಿಸತಕ್ಕದ್ದು. ಗ್ರಾಮಸಭೆಯ ರಹದಾರಿಯನ್ನು ಪ್ರತಿಯೊಂದು ಠಾಣೆಯಲ್ಲಿಯೂ ಮನ್ನಿಸಬೇಕೆಂದು ಸ್ಪಷ್ಟವಾದ ಆಜ್ಞೆ ಹೊರಡತಕ್ಕದ್ದು. ಸುಗ್ಗಿಗೆ ಮುಂಚೆಯೇ ಖರೀದಿಯ ಬೆಲೆಯನ್ನು ಪೋಡು ಹಾಡಿಗಳಲ್ಲಿ ಸಾರಿ, ಖರೀದಿಯ ಹಣವನ್ನು ಸಂಘದಲ್ಲಿ ಸಿದ್ಧವಾಗಿ ಇಡತಕ್ಕದ್ದು. ಸಂಘಗಳು ಕೊಂಡ ಬೆಲೆಯನ್ನೂ ಮಾರಿದ ಬೆಲೆಯನ್ನೂ ಸದಸ್ಯರ ಸಭೆಯಲ್ಲಿ ಗಟ್ಟಿಯಾಗಿ ಓದಿ ಹೇಳತಕ್ಕದ್ದು. ಲೆಕ್ಕ ಕೇಳುವ ಸದಸ್ಯನಿಲ್ಲದ ಸಹಕಾರವು ಹೆಸರಿಗೆ ಮಾತ್ರ ಸಹಕಾರ.

ಕೇಂದ್ರ ಸರ್ಕಾರದವರು 2013-14ರಲ್ಲಿ ಕಿರು ಉತ್ಪನ್ನಗಳಿಗೆ ಕನಿಷ್ಠ ಬೆಂಬಲ ಬೆಲೆಯ ಯೋಜನೆಯನ್ನೂ, 2018ರಲ್ಲಿ ಗಿರಿಜನರ ಗುಂಪುಗಳಿಂದಲೇ ಸಂಸ್ಕರಣ ನಡೆಸುವ ವನಧನ ಯೋಜನೆಯನ್ನೂ ಆರಂಭಿಸಿದರು. ಕಾಡುಜೇನು, ಹುಣಸೆ, ಅಳಲೆಕಾಯಿಗಳು ಬೆಂಬಲ ಬೆಲೆಯ ಪಟ್ಟಿಯಲ್ಲಿ ಮೊದಲಿನಿಂದಲೂ ಇವೆ. ಯೋಜನೆಗಳ ಗುಣವನ್ನು ಅಳೆಯಬೇಕಾದುದು ಅವುಗಳ ಹೆಸರಿನಿಂದಲ್ಲ, ಹಾಡಿಯ ಬಾಗಿಲಲ್ಲಿ ಎಣಿಸಿದ ಹಣದಿಂದ. ಇನ್ನು ವಿದ್ಯೆಯ ಸಹಾಯ. ಆಹಾರ ಸಂಸ್ಕರಣೆಯಲ್ಲಿ ದೇಶಕ್ಕೇ ಹೆಸರಾದ ಕೇಂದ್ರೀಯ ಆಹಾರ ತಾಂತ್ರಿಕ ಸಂಶೋಧನಾಲಯವು 1950ರಿಂದ ಮೈಸೂರಿನ ಚೆಲುವಾಂಬ ವಿಲಾಸದಲ್ಲಿಯೇ ಇದೆ. ಅಲ್ಲಿಯ ಶಾಸ್ತ್ರಜ್ಞಾನವೂ ಬೆಟ್ಟದ ಬಿಸಿಲೂ ಒಂದುಗೂಡಿದರೆ ನೆಲ್ಲಿಯ ಬೀಜ ತೆಗೆಯುವ ಕೆಲಸಕ್ಕೆ ಸರಕು ದೂರದ ಕಾರ್ಖಾನೆಗೆ ಹೋಗಬೇಕಾಗಿಲ್ಲ.

ನಾಗರಿಕರ ಕರ್ತವ್ಯವೂ ಸ್ವಲ್ಪವಿದೆ. ಸಿದ್ಧಾರ್ಥನಗರದ ಗೃಹಸ್ಥರಾಗಲಿ ಬೇರಾವ ಬಡಾವಣೆಯವರಾಗಲಿ, ಜೇನನ್ನು ಕೊಳ್ಳುವಾಗ ಇದು ಯಾವ ಸಂಘದ್ದು, ತಂದವರಿಗೆ ಏನು ದಕ್ಕಿತು ಎಂದು ಒಮ್ಮೆ ಕೇಳಿದರೆ ನಷ್ಟವಿಲ್ಲ. ಕೊಳ್ಳುವವನು ಕೇಳುವ ಪ್ರಶ್ನೆಯು ಅಂಗಡಿಯಿಂದ ಮಂಡಿಗೆ, ಮಂಡಿಯಿಂದ ಕಾಡಿಗೆ ತಲುಪುತ್ತದೆ. ಕಚೇರಿಗಳಲ್ಲಿಯೇ ಒಂದು ಮಳಿಗೆಯನ್ನು ಗಿರಿಜನ ಸಂಘಗಳಿಗೆ ಬಿಟ್ಟುಕೊಟ್ಟರೆ ಅದು ದೊಡ್ಡ ಖರ್ಚೂ ಅಲ್ಲ.

ಕಾಡಿನ ಕಿರು ಉತ್ಪನ್ನಗಳ ಒಡೆತನವನ್ನು ಶಾಸನವು ಗಿರಿಜನರಿಗೆ ಕೊಟ್ಟಾಗಿದೆ. ಕಾಡಿನಿಂದ ಪೇಟೆಗೆ ಬರುವ ದಾರಿಯನ್ನು ಇನ್ನೂ ಪೂರ್ತಿಯಾಗಿ ಕೊಟ್ಟಿಲ್ಲ. ದಾರಿ ಪರರದಾದರೆ ಫಲವೂ ಪರರದೇ. ಮುಂದಿನ ನೆಲ್ಲಿಯ ಸುಗ್ಗಿಗೆ ಮುಂಚಿತವಾಗಿ ಸರ್ಕಾರದವರು ಈ ದಾರಿಯನ್ನು ತೆರೆಯುವರೆಂದು ನಾವು ಆಶಿಸುತ್ತೇವೆ, ತೆರೆಯಬೇಕೆಂದು ಒತ್ತಾಯಿಸುತ್ತೇವೆ.